ಇಂಟರ್ನ್‌ಗಳ ದುಡಿಮೆ ಮತ್ತು ಕಾನೂನಿನ ಮೌನ: ಒಂದು ಸಿಂಹಾವಲೋಕನ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಾದ್ಯಂತ ಜಾರಿಗೆ ಬಂದವು. ಇಪ್ಪತ್ತೊಂಬತ್ತು ಹಳೆಯ ಕಾಯ್ದೆಗಳ ಜಾಗದಲ್ಲಿ ಬಂದ ಈ ಸಂಹಿತೆಗಳ ಬಗ್ಗೆ ಪರ-ವಿರೋಧದ ಮಾತು ಸಾಕಷ್ಟು ನಡೆದಿದೆ. ಉದ್ಯಮಿಗಳು ಸ್ವಾಗತಿಸಿದರು, ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಈ ಗದ್ದಲದ ನಡುವೆ ಒಂದು ಪ್ರಶ್ನೆಯನ್ನು ಹೆಚ್ಚಿನವರು ಎತ್ತಲೇ ಇಲ್ಲ. ಇಂಟರ್ನ್ ಎಂದು ಕರೆಸಿಕೊಂಡು ದಿನಕ್ಕೆ ಎಂಟು-ಹತ್ತು ಗಂಟೆ ಕೆಲಸ ಮಾಡುವ ಹುಡುಗ ಹುಡುಗಿಯರು ಈ ಕಾನೂನುಗಳ ಪ್ರಕಾರ ಯಾರು? ಗಿಗ್ ಕಾರ್ಮಿಕರಿಗೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವ್ಯಾಖ್ಯೆ ಸಿಕ್ಕಿದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಸಿಕ್ಕಿದೆ, ನಿಗದಿತ ಅವಧಿಗೆ ನೇಮಕವಾದವರಿಗೂ ಸಿಕ್ಕಿದೆ. ಇಂಟರ್ನ್‌ಗಳಿಗೆ ಸಿಕ್ಕಿಲ್ಲ.

ಕೆಲಸ ಕಲಿಯುವವರನ್ನು ಈ ದೇಶದ ಕಾನೂನು ಮೊದಲಿನಿಂದಲೂ ಕಡೆಗಣಿಸಿತ್ತು ಎಂದು ಹೇಳುವಂತಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ, ಸರ್ಕಾರದ ಕಡತಗಳಲ್ಲಿ ಶಿಶಿಕ್ಷು ಕಾಯ್ದೆ, ಆ ಕಾಲಕ್ಕೆ ಒಳ್ಳೆಯ ಕಾನೂನೇ ಆಗಿತ್ತು. ಕಾರ್ಖಾನೆಗಳು ಏಳುತ್ತಿದ್ದವು, ಯಂತ್ರ ನಡೆಸಬಲ್ಲ ಕೈಗಳು ಬೇಕಾಗಿದ್ದವು. ತರಬೇತಿಗೆ ಸೇರುವ ಮೊದಲು ಲಿಖಿತ ಒಪ್ಪಂದವಾಗಬೇಕು, ಅದು ನೋಂದಣಿಯಾಗಬೇಕು, ಪ್ರತಿ ತಿಂಗಳು ಸ್ಟೈಪೆಂಡ್ ಕೊಡಬೇಕು, ಕೆಲಸದ ಗಂಟೆ ಮತ್ತು ರಜೆ ನಿಯಮದಂತಿರಬೇಕು, ಕೆಲಸದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು ಎಂದೆಲ್ಲ ಅದು ಬರೆದಿಟ್ಟಿತು. ಬೆಂಗಳೂರಿನ ಎಚ್‌ಎಂಟಿ, ಬಿಇಎಲ್, ಐಟಿಐ, ಎಚ್‌ಎಎಲ್‌ಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಒಂದು ತಲೆಮಾರು ಈ ಕಾಯ್ದೆಯ ನೆರಳಿನಲ್ಲಿ ಬೆಳೆಯಿತು. ಕೈಗಾರಿಕಾ ತರಬೇತಿ ಸಂಸ್ಥೆಯ ಓದು ಮುಗಿಸಿ ಬಂದ ಹುಡುಗ ಹಿರಿಯ ಫಿಟ್ಟರ್ ಒಬ್ಬರ ಕೈಕೆಳಗೆ ನಿಂತು ಫೈಲ್ ಹಿಡಿಯುವುದನ್ನು, ಮೈಕ್ರೋಮೀಟರ್ ಓದುವುದನ್ನು ಕಲಿತ. ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಉಂಡ. ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಪ್ರಮಾಣಪತ್ರ ಪಡೆದ. ಸ್ಟೈಪೆಂಡ್ ಕಡಿಮೆಯೇ ಇತ್ತು. ಆದರೆ ಅದು ಯಾರದೋ ಕೃಪೆಯಿಂದ ಬರುವ ಹಣವಾಗಿರಲಿಲ್ಲ.

ಅದೇ ಕಾಯ್ದೆಯ ಸೆಕ್ಷನ್ 18 ಮುಂದಿನ ಅರವತ್ತು ವರ್ಷಗಳ ಚರ್ಚೆಯ ದಿಕ್ಕನ್ನು ನಿರ್ಧರಿಸಿತು. ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಕಾರ್ಮಿಕ ಕಾನೂನುಗಳು ಅವರಿಗೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ಇದರ ಹಿಂದೆ ಒಂದು ಕೊಡು-ಕೊಳ್ಳುವಿಕೆ ಇತ್ತು. ಒಪ್ಪಂದ, ನೋಂದಣಿ, ಸ್ಟೈಪೆಂಡ್, ಪರಿಹಾರ ಇವನ್ನೆಲ್ಲ ಕೊಡುವ ಮಾಲೀಕನಿಗೆ ಉಳಿದ ಹೊಣೆಯಿಂದ ವಿನಾಯಿತಿ. ಕಾಲ ಕಳೆದಂತೆ ಮೊದಲ ಅರ್ಧ ಸವೆದು ಎರಡನೆಯ ಅರ್ಧ ಮಾತ್ರ ಉಳಿದುಕೊಂಡಿತು. ಟೆಲ್ಕೊ ಪ್ರಕರಣದಲ್ಲಿ 1975ರಲ್ಲೇ ಸುಪ್ರೀಂ ಕೋರ್ಟ್ ಅಪ್ರೆಂಟಿಸ್‌ಗಳನ್ನು ಇಎಸ್‌ಐ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. 2004ರಲ್ಲಿ ಉತ್ತರ ಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ, ಒಪ್ಪಂದ ನೋಂದಣಿಯಾಗದಿದ್ದರೂ ಅಪ್ರೆಂಟಿಸ್ ಅಪ್ರೆಂಟಿಸ್ಸೇ ಎಂದಿತು.

2006ರಲ್ಲಿ ನಮ್ಮ ಮಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಸ್ಟೈಪೆಂಡ್ ಕೊಟ್ಟು ತೆಗೆದುಕೊಂಡಿದ್ದ ತರಬೇತಿದಾರರಿಗೆ ಭವಿಷ್ಯ ನಿಧಿ ಕಟ್ಟಬೇಕು ಎಂದು ಮಂಗಳೂರಿನ ಪ್ರಾದೇಶಿಕ ಭವಿಷ್ಯ ನಿಧಿ ಆಯುಕ್ತರು ಪಟ್ಟುಹಿಡಿದಿದ್ದರು. ಆ ತರಬೇತಿದಾರರು 1961ರ ಕಾಯ್ದೆಯಡಿ ಬಂದವರಾಗಿರಲಿಲ್ಲ. ಆದರೂ ಕೆಲಸದ ಷರತ್ತುಗಳನ್ನು ಹೇಳುವ ಮಾದರಿ ಸ್ಥಾಯಿ ಆದೇಶಗಳ ಪ್ರಕಾರ, ತರಬೇತಿ ಕಾಲದಲ್ಲಿ ಭತ್ಯೆ ಪಡೆದು ಕಲಿಯುವವರೆಲ್ಲ ಅಪ್ರೆಂಟಿಸ್‌ಗಳೇ, ಹಾಗಾಗಿ ಭವಿಷ್ಯ ನಿಧಿ ಕಾಯ್ದೆಯ ಪ್ರಕಾರ ಅವರು ಉದ್ಯೋಗಿಗಳಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಕಾನೂನಿನ ಅಕ್ಷರಕ್ಕೆ ನಿಷ್ಠವಾದ ತೀರ್ಪು ಇದು. ಆದರೆ ಇದರ ಪರಿಣಾಮ ಆ ಒಂದು ಸಂಸ್ಥೆಗೆ ಸೀಮಿತವಾಗಿ ಉಳಿಯುವಂಥದ್ದಲ್ಲ. ನೇಮಕಾತಿ ಪತ್ರದಲ್ಲಿ ‘ಟ್ರೇನಿ’ ಎಂದು ಬರೆದು ಸಂಬಳದ ಬದಲು ಸ್ಟೈಪೆಂಡ್ ಎಂದು ನಮೂದಿಸಿದರೆ ಎಷ್ಟೋ ಹೊಣೆಯಿಂದ ಪಾರಾಗಬಹುದು ಎಂಬ ತಿಳಿವಳಿಕೆ ಮಾನವ ಸಂಪನ್ಮೂಲ ವಿಭಾಗಗಳಲ್ಲಿ ಗಟ್ಟಿಯಾಯಿತು.

ಹಾಗೆ ನೋಡಿದರೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಇನ್ನೂ ಉದಾರವಾಗಿತ್ತು. ಕಾರ್ಮಿಕ ಯಾರು ಎಂದು ಹೇಳುವಾಗ ಅದು ಅಪ್ರೆಂಟಿಸ್‌ಗಳನ್ನೂ ಸೇರಿಸಿಕೊಂಡೇ ಹೇಳಿತ್ತು. ಕಾರ್ಮಿಕ ನ್ಯಾಯಾಲಯದಲ್ಲಿ ನಿಂತು ವಾದಿಸಲು ಅದೊಂದು ಆಧಾರವಾಗಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ತಿರುವುಮುರುವು ಮಾಡಿದೆ: 1961ರ ಕಾಯ್ದೆಯ ಅಪ್ರೆಂಟಿಸ್‌ಗಳನ್ನು ಬಿಟ್ಟು ಉಳಿದವರು ಕಾರ್ಮಿಕರು ಎನ್ನುತ್ತದೆ. ಎಪ್ಪತ್ತೆಂಟು ವರ್ಷಗಳಲ್ಲಿ ನಾವು ಒಳಗಿದ್ದವರನ್ನು ಹೊರಗೆ ಕಳಿಸಿದ್ದೇವೆ.

ಕಾರ್ಖಾನೆಯ ಈ ಕಥೆ ಒಂದು ಕಡೆಗಿರಲಿ. ಇಂದು ನಾವು ಇಂಟರ್ನ್ ಎನ್ನುವ ಬಹುಪಾಲು ಯುವಜನರು ಈ ಕಾಯ್ದೆಯ ಸುತ್ತಮುತ್ತ ಎಲ್ಲೂ ಇಲ್ಲ. ಅವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಸ್ಟಾರ್ಟ್‌ಅಪ್‌ಗಳಲ್ಲಿ, ವಕೀಲರ ಕಚೇರಿಗಳಲ್ಲಿ, ಜಾಹೀರಾತು ಸಂಸ್ಥೆಗಳಲ್ಲಿ, ಸುದ್ದಿವಾಹಿನಿಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಆಸ್ಪತ್ರೆಗಳಲ್ಲಿ ಇದ್ದಾರೆ. ಅವರ ಬಳಿ ಸರ್ಕಾರದಲ್ಲಿ ನೋಂದಣಿಯಾದ ಯಾವ ಒಪ್ಪಂದವೂ ಇಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ, ಐಟಿ ಆಧಾರಿತ ಸೇವೆ, ಸ್ಟಾರ್ಟ್‌ಅಪ್, ಅನಿಮೇಷನ್, ಗೇಮಿಂಗ್ ಮುಂತಾದ ಉದ್ಯಮಗಳಿಗೆ ರಾಜ್ಯ ಸರ್ಕಾರ 2014ರಲ್ಲಿ ಐದು ವರ್ಷಗಳ ವಿನಾಯಿತಿ ಕೊಟ್ಟಿತು. 2019ರಲ್ಲಿ ಅದನ್ನು ಮುಂದುವರಿಸಿತು, 2024ರಲ್ಲಿ ಮತ್ತೆ ಮುಂದುವರಿಸಿತು. ಯಾರು ಕಾಯಂ, ಯಾರು ಪ್ರೊಬೇಷನರ್, ಯಾರು ತಾತ್ಕಾಲಿಕ, ಯಾರು ಕಲಿಯುವವರು, ಯಾವ ಕಾರಣಕ್ಕೆ ತೆಗೆಯಬಹುದು, ತೆಗೆಯುವ ಮುನ್ನ ಏನು ಮಾಡಬೇಕು ಎಂಬುದನ್ನೆಲ್ಲ ಬರೆದಿಡುತ್ತಿದ್ದ ಕಾಯ್ದೆ ಅದು. ವಿನಾಯಿತಿಗೆ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ವಿಚಾರಿಸುವ ಆಂತರಿಕ ಸಮಿತಿ ಇರಬೇಕು, ಶಿಸ್ತು ಕ್ರಮಗಳ ಮಾಹಿತಿಯನ್ನು ಇಲಾಖೆಗೆ ಕೊಡಬೇಕು. ಈ ಷರತ್ತುಗಳ ಪಾಲನೆಯ ಬಗ್ಗೆ ಐಟಿ ನೌಕರರ ಸಂಘಟನೆ ಮತ್ತೆ ಮತ್ತೆ ದನಿ ಎತ್ತಿದೆ. ಕಾಯಂ ನೌಕರರಿಗೇ ಇಂಥ ಸ್ಥಿತಿ ಇರುವಲ್ಲಿ ಆರು ತಿಂಗಳಿಗೆ ಬಂದುಹೋಗುವ ಇಂಟರ್ನ್ ಯಾರ ಬಳಿ ಹೋಗಿ ಹೇಳಿಕೊಳ್ಳಬೇಕು?

ಮೊದಲೆಲ್ಲ ಇಂಟರ್ನ್‌ಶಿಪ್ ಬೇಕಿದ್ದವರು ಮಾಡುವ ಕೆಲಸವಾಗಿತ್ತು. ಈಗ ಅದು ಪದವಿಯ ಭಾಗ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು 14ರಿಂದ 20 ವಾರಗಳ ಇಂಟರ್ನ್‌ಶಿಪ್ ಮಾಡಲೇಬೇಕು. ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕಾನೂನು ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ 20 ವಾರ. ಬಿ.ಇಡಿ. ಎರಡು ವರ್ಷಗಳ ಕೋರ್ಸ್ ಆದ ಮೇಲೆ ಶಾಲೆಗಳಲ್ಲಿ 20 ವಾರಗಳ ಇಂಟರ್ನ್‌ಶಿಪ್ ಬಂತು. ಶಿಕ್ಷಕರ ಹುದ್ದೆ ಖಾಲಿಯಿರುವ ಸರ್ಕಾರಿ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಬಂದರೆಂದರೆ ಆ ವಾರಗಳಲ್ಲಿ ತರಗತಿ ಯಾರ ಕೈಯಲ್ಲಿರುತ್ತದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದರೆ ಸಾಕು, ಅವರೇ ಹೇಳುತ್ತಾರೆ. ಪಠ್ಯವನ್ನು ಮಾಡುವ ಕೆಲಸದ ಜೊತೆ ಹೊಂದಿಸಬೇಕು ಎಂಬ ಆಶಯ ಸರಿಯಾದದ್ದೇ. ನಾಲ್ಕು ಗೋಡೆಯ ನಡುವೆ ಕಲಿತದ್ದು ಹೊರಗಿನ ಜಗತ್ತಿನಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಬೇಕಾದದ್ದೂ ನಿಜ. ಆದರೆ ಕಡ್ಡಾಯ ಮಾಡಿದವರು ಯಾರೋ, ಕೆಲಸ ಮಾಡಿಸಿಕೊಳ್ಳುವವರು ಯಾರೋ. ಇಬ್ಬರಲ್ಲಿ ಒಬ್ಬರೂ ವಿದ್ಯಾರ್ಥಿಯ ಊಟ, ವಸತಿ, ಸುರಕ್ಷತೆ, ಸಂಭಾವನೆಗಳ ಹೊಣೆ ಹೊರಲಿಲ್ಲ. ಸಾವಿರಾರು ವಿದ್ಯಾರ್ಥಿಗಳು ಒಂದೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಹುಡುಕಿಕೊಂಡು ಹೊರಟರೆ ಏನಾಗುತ್ತದೆ? ದುಡ್ಡು ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ಅಂಗಡಿಗಳು ಹುಟ್ಟಿಕೊಳ್ಳುತ್ತವೆ. ಕೆಲಸ ಮಾಡಿ ಹಣ ಪಡೆಯಬೇಕಾದ ವಿದ್ಯಾರ್ಥಿ ಹಣ ಕೊಟ್ಟು ಕಾಗದ ಪಡೆಯುವ ಈ ದಂಧೆಯ ಬಗ್ಗೆ ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ಗೊತ್ತಿಲ್ಲದವರಿಲ್ಲ.

ಆಫರ್ ಲೆಟರ್ ಒಂದನ್ನು ಕೈಯಲ್ಲಿ ಹಿಡಿದು ಓದಿದರೆ ಪರಿಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ಸಣ್ಣ ಕಂಪನಿಯೊಂದು ಕೊಡುವ ಪತ್ರ ಸಾಮಾನ್ಯವಾಗಿ ಎರಡು ಪುಟದ್ದು. ಮೇಲೆ ಅಭಿನಂದನೆ. ಅದರ ಕೆಳಗೆ, ಇದು ಉದ್ಯೋಗವಲ್ಲ, ಉದ್ಯೋಗದ ಭರವಸೆಯೂ ಅಲ್ಲ ಎಂಬ ಸಾಲು. ಸ್ಟೈಪೆಂಡ್ ಇಲ್ಲ, ಅಥವಾ ‘ಕೆಲಸದ ಗುಣಮಟ್ಟ ನೋಡಿಕೊಂಡು’. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಅಗತ್ಯಬಿದ್ದರೆ ಹೆಚ್ಚು ಹೊತ್ತು. ಲ್ಯಾಪ್‌ಟಾಪ್ ಸ್ವಂತದ್ದು ತರಬೇಕು. ಮಾಡಿದ ಕೆಲಸದ ಹಕ್ಕೆಲ್ಲ ಕಂಪನಿಯದು. ಗೋಪ್ಯತೆ ಮುರಿದರೆ ಕಾನೂನು ಕ್ರಮ. ಅವಧಿಗೆ ಮುಂಚೆ ಬಿಟ್ಟರೆ ಪ್ರಮಾಣಪತ್ರ ಇಲ್ಲ. ಕಂಪನಿ ಮಾತ್ರ ಯಾವ ಹೊತ್ತಿನಲ್ಲಾದರೂ, ಕಾರಣ ಹೇಳದೆ, ಇಂಟರ್ನ್‌ಶಿಪ್ ಮುಗಿಸಬಹುದು. ಕೊನೆಯಲ್ಲಿ ವಿದ್ಯಾರ್ಥಿಯ ಸಹಿಗೆ ಜಾಗ. ಇದರಲ್ಲಿ ವೇಳಾಪಟ್ಟಿ ನೌಕರನದು, ಶಿಸ್ತು ನೌಕರನದು, ದುಡಿಮೆಯ ಫಲ ಮಾಲೀಕನಿಗೆ ಸೇರುವುದೂ ನೌಕರನ ವಿಷಯದಲ್ಲಿದ್ದಂತೆಯೇ. ಸಂಬಳ ಮತ್ತು ರಕ್ಷಣೆಯ ವಿಷಯ ಬಂದಾಗ ಮಾತ್ರ ಸಹಿ ಹಾಕಿದವರು ವಿದ್ಯಾರ್ಥಿ.

ಇಂಥ ಪತ್ರ ಹಿಡಿದುಕೊಂಡು ಗದಗಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬರುವವರ ಲೆಕ್ಕ ಹಾಕೋಣ. ಪಿ.ಜಿ.ಯಲ್ಲಿ ಮೂವರ ಕೋಣೆಯಲ್ಲೊಂದು ಹಾಸಿಗೆಗೆ ತಿಂಗಳಿಗೆ ಏಳೆಂಟು ಸಾವಿರ, ಮುಂಗಡ ಬೇರೆ. ಬಸ್ಸು, ಮೊಬೈಲ್, ಭಾನುವಾರದ ಊಟ. ನಾಲ್ಕು ತಿಂಗಳಿಗೆ ನಲವತ್ತು ಸಾವಿರ ದಾಟುತ್ತದೆ. ಎರಡೆಕರೆ ಒಣಭೂಮಿಯ ಮನೆಯವರಿಗೆ ಇದು ಸಾಲ. ಬೆಂಗಳೂರಿನಲ್ಲೇ ಮನೆಯಿರುವ, ಅಪ್ಪ-ಅಮ್ಮ ಸಂಬಳದಾರರಾಗಿರುವ ಮಕ್ಕಳಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅವರು ಒಂದರ ಮೇಲೊಂದು ಇಂಟರ್ನ್‌ಶಿಪ್ ಮಾಡಿ ರೆಸ್ಯೂಮೆ ತುಂಬಿಸಿಕೊಳ್ಳುತ್ತಾರೆ. ಸಂದರ್ಶನದಲ್ಲಿ ಕುಳಿತವರು ಆ ರೆಸ್ಯೂಮೆಯನ್ನು ಪ್ರತಿಭೆ ಎಂದು ಓದುತ್ತಾರೆ. ಮೊದಲ ತಲೆಮಾರಿನ ಪದವೀಧರರು, ದಲಿತ ಮತ್ತು ಹಿಂದುಳಿದ ಸಮುದಾಯಗಳ ಮಕ್ಕಳು, ‘ಸಂಬಳವೇ ಇಲ್ಲದ ಕೆಲಸಕ್ಕೆ ಮಗಳನ್ನು ಅಷ್ಟು ದೂರ ಯಾಕೆ ಕಳಿಸಬೇಕು’ ಎನ್ನುವ ಮನೆಯ ಹೆಣ್ಣುಮಕ್ಕಳು ಈ ಜರಡಿಯಲ್ಲಿ ಸದ್ದಿಲ್ಲದೆ ಕೆಳಗೆ ಬೀಳುತ್ತಾರೆ. ಸಂಬಳವಿಲ್ಲದ ಇಂಟರ್ನ್‌ಶಿಪ್ಪನ್ನು ನಾವು ವಿರೋಧಿಸುವುದಕ್ಕೆ ಇದೇ ಮುಖ್ಯ ಕಾರಣ. ದುಡಿದವರ ಹಣ ಉಳಿಸಿಕೊಳ್ಳುವ ಅನ್ಯಾಯ ಒಂದಾದರೆ, ದುಡಿಯುವ ಅವಕಾಶಕ್ಕೂ ಬರಲಾಗದಂತೆ ಬಾಗಿಲಲ್ಲೇ ತಡೆಯುವುದು ಅದಕ್ಕಿಂತ ದೊಡ್ಡ ಅನ್ಯಾಯ. ನಮ್ಮ ಪತ್ರಿಕೋದ್ಯಮವೂ ಇದಕ್ಕೆ ಹೊರತಲ್ಲ. ಏಜೆನ್ಸಿ ಸುದ್ದಿ ಅನುವಾದಿಸುವುದರಿಂದ ಹಿಡಿದು ರಾತ್ರಿ ಪಾಳಿಯ ಡೆಸ್ಕಿನವರೆಗೆ ವಿದ್ಯಾರ್ಥಿಗಳ ಬಿಟ್ಟಿ ದುಡಿಮೆ ಅನೇಕ ಸುದ್ದಿಮನೆಗಳಲ್ಲಿ ರೂಢಿಯೇ ಆಗಿದೆ. ಇತರರಿಗೆ ಹೇಳುವುದನ್ನು ಸುದ್ದಿಮನೆಗಳೂ ಪಾಲಿಸಬೇಕು.

ಎಲ್ಲ ಇಂಟರ್ನ್‌ಗಳಲ್ಲಿ ಅತ್ಯಂತ ಹೆಚ್ಚು ದುಡಿಯುವವರು ಹೌಸ್ ಸರ್ಜನ್‌ಗಳು. ಎಂಬಿಬಿಎಸ್ ನಾಲ್ಕೂವರೆ ವರ್ಷ ಓದಿದ ಮೇಲೆ ಹನ್ನೆರಡು ತಿಂಗಳು ಕಡ್ಡಾಯವಾಗಿ ಮಾಡಬೇಕಾದ ಇಂಟರ್ನ್‌ಶಿಪ್. ಯಾವುದಾದರೂ ದೊಡ್ಡ ಸರ್ಕಾರಿ ಆಸ್ಪತ್ರೆಗೆ ರಾತ್ರಿ ಎರಡು ಗಂಟೆಗೆ ಹೋದವರಿಗೆ ಅವರ ಪರಿಚಯ ಇದ್ದೇ ಇರುತ್ತದೆ. ರಕ್ತ ತೆಗೆಯುವವರು ಅವರೇ. ಆ ಬಾಟಲಿಗಳನ್ನು ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಓಡುವವರೂ ಅವರೇ. ವಾರ್ಡ್‌ಬಾಯ್ ಸಿಗದಿದ್ದರೆ ಸ್ಟ್ರೆಚರ್ ತಳ್ಳುತ್ತಾರೆ. ಕೇಸ್‌ಶೀಟ್ ಬರೆಯುತ್ತಾರೆ, ಹೊಲಿಗೆ ಹಾಕುತ್ತಾರೆ, ಡ್ರೆಸ್ಸಿಂಗ್ ಬದಲಿಸುತ್ತಾರೆ, ಎಕ್ಸ್‌ರೇ ಫಿಲ್ಮಿಗಾಗಿ ಕಾಯುತ್ತಾರೆ, ಸಿಟ್ಟಿಗೆದ್ದ ಸಂಬಂಧಿಕರ ಬೈಗುಳ ಮೊದಲು ಕೇಳಿಸಿಕೊಳ್ಳುತ್ತಾರೆ. ಬೆಳಿಗ್ಗೆ ರೌಂಡ್ಸಿಗೆ ಹಿರಿಯ ವೈದ್ಯರು ಬಂದಾಗ ಇಪ್ಪತ್ತನಾಲ್ಕು ಗಂಟೆ ನಿದ್ದೆಗೆಟ್ಟ ಇವರೇ ರೋಗಿಯ ವಿವರ ಒಪ್ಪಿಸಬೇಕು. ಇವರು ಒಂದು ದಿನ ಕೈಬಿಟ್ಟರೆ ಆಸ್ಪತ್ರೆ ನಿಲ್ಲುತ್ತದೆ ಎಂಬುದು ಪ್ರತಿ ಮುಷ್ಕರದಲ್ಲೂ ಸಾಬೀತಾಗಿದೆ.

ಕೋವಿಡ್ ಮೊದಲ ಅಲೆಯ 2020ರಲ್ಲಿ ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನ ಗೃಹ ವೈದ್ಯರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಬೀದಿಯಲ್ಲಿ ಕುಳಿತದ್ದನ್ನು ರಾಜ್ಯ ಮರೆಯಬಾರದು. ಹದಿನಾರು ತಿಂಗಳ ಶಿಷ್ಯವೇತನ ಬಂದಿರಲಿಲ್ಲ. ಸರ್ಕಾರಿ ಕೋಟಾದಡಿ ಖಾಸಗಿ ಕಾಲೇಜಿಗೆ ಸೇರಿ, ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುವ ಇವರಿಗೆ ಹಣ ಕೊಡಬೇಕಾದವರು ಸರ್ಕಾರವೋ ಆಡಳಿತ ಮಂಡಳಿಯೋ ಎಂಬ ಜಗ್ಗಾಟದಲ್ಲಿ ತಿಂಗಳುಗಳು ಉರುಳಿದ್ದವು. ಊರೆಲ್ಲ ಚಪ್ಪಾಳೆ ತಟ್ಟಿ ಕೊರೊನಾ ಯೋಧರು ಎಂದು ಕರೆದ ವರ್ಷವೇ ಇದು. ಅದೇ ವರ್ಷ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಇಂಟರ್ನ್‌ಗಳ ಶಿಷ್ಯವೇತನವನ್ನು ರಾಜ್ಯ 20 ಸಾವಿರದಿಂದ 30 ಸಾವಿರ ರೂಪಾಯಿಗೆ ಏರಿಸಿತು. ಒಳ್ಳೆಯ ನಿರ್ಧಾರ, ಹೋರಾಟ ಮಾಡಿಯೇ ಗಳಿಸಿದ್ದು. ಮುಂದೆ 2023ರ ಸೆಪ್ಟೆಂಬರ್‌ನಲ್ಲಿ ಸೇನಾ ವೈದ್ಯಕೀಯ ಕಾಲೇಜಿನ ಇಂಟರ್ನ್‌ಗಳ ಅರ್ಜಿಯ ಮೇಲೆ, ಅವರಿಗೆ ಅಕ್ಟೋಬರ್‌ನಿಂದ ತಿಂಗಳಿಗೆ 25 ಸಾವಿರ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ದೇಶದ ಶೇ 70ರಷ್ಟು ವೈದ್ಯಕೀಯ ಕಾಲೇಜುಗಳು ಶಿಷ್ಯವೇತನ ಕೊಡುತ್ತಿಲ್ಲ ಅಥವಾ ಗೊತ್ತುಮಾಡಿದಷ್ಟು ಕೊಡುತ್ತಿಲ್ಲ ಎಂಬ ಮಾತು ಆ ವಿಚಾರಣೆಯಲ್ಲಿ ಬಂತು. 2025ರ ಜುಲೈನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಶಿಷ್ಯವೇತನದ ವಿವರ ಬಹಿರಂಗಪಡಿಸದ 198 ಕಾಲೇಜುಗಳಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿತು. ನಿಯಮವಿದೆ, ಆಯೋಗವಿದೆ, ಸರ್ವೋಚ್ಚ ನ್ಯಾಯಾಲಯದ ಆದೇಶವಿದೆ. ಅಷ್ಟಿದ್ದೂ ವೈದ್ಯಕೀಯ ಇಂಟರ್ನ್‌ಗಳ ಗತಿ ಹೀಗಿದ್ದರೆ ಏನೂ ಇಲ್ಲದ ಉಳಿದವರ ಪಾಡನ್ನು ಊಹಿಸಬಹುದು.

ಒಂದು ಕಾನೂನು ಮಾತ್ರ ಮೊದಲ ದಿನದಿಂದ ಇಂಟರ್ನ್‌ಗಳನ್ನು ತನ್ನ ರಕ್ಷಣೆಯೊಳಗೆ ತೆಗೆದುಕೊಂಡಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅದು. ಸಂಬಳ ಇರಲಿ ಇಲ್ಲದಿರಲಿ, ಸ್ವಯಂಸೇವೆಯೇ ಆಗಿರಲಿ, ತರಬೇತಿದಾರರು, ಅಪ್ರೆಂಟಿಸ್ ಅಥವಾ ಬೇರೆ ಯಾವುದೇ ಹೆಸರಿನಿಂದ ಕರೆಯಲಿ, ಅಲ್ಲಿ ಕೆಲಸ ಮಾಡುವವರೆಲ್ಲ ಉದ್ಯೋಗಿಗಳು ಎಂದು ಅದು ವ್ಯಾಖ್ಯಾನಿಸಿದೆ. ಹಾಗೆ ವಿಶಾಲವಾಗಿ ಬರೆಯಬೇಕಾದ ಅಗತ್ಯ ಏನು ಎಂಬುದು ಆ ವರ್ಷವೇ ಗೊತ್ತಾಯಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ವಿರುದ್ಧ ಕಾನೂನು ವಿದ್ಯಾರ್ಥಿನಿಯೊಬ್ಬರು 2013ರ ನವೆಂಬರ್‌ನಲ್ಲಿ ಮಾಡಿದ ಆರೋಪವನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಸಮಿತಿ, ಮೇಲ್ನೋಟಕ್ಕೆ ಅನುಚಿತ ವರ್ತನೆ ಕಂಡುಬರುತ್ತದೆ ಎಂದಿತು. ಆದರೆ ಆಕೆ ಸುಪ್ರೀಂ ಕೋರ್ಟಿನ ಪಟ್ಟಿಯಲ್ಲಿದ್ದ ಇಂಟರ್ನ್ ಅಲ್ಲ, ನ್ಯಾಯಮೂರ್ತಿಯವರೂ ಆ ಹೊತ್ತಿಗೆ ನಿವೃತ್ತರಾಗಿದ್ದರು ಎಂಬ ಕಾರಣಕ್ಕೆ ನ್ಯಾಯಾಲಯ ಮುಂದಿನ ಕ್ರಮ ಕೈಗೊಳ್ಳಲಿಲ್ಲ. ದೇಶದ ಅತ್ಯುನ್ನತ ನ್ಯಾಯಪೀಠದ ಅಂಗಳದಲ್ಲೇ, ಇಂಟರ್ನ್ ಯಾವ ಪಟ್ಟಿಗೂ ಸೇರದವರು ಎಂಬ ಸಂಗತಿ ಅಂದು ಬಯಲಾಯಿತು.

ಹನ್ನೆರಡು ವರ್ಷಗಳ ನಂತರ ಮೈಸೂರಿನಲ್ಲಿ ಇನ್ನೊಂದು ಬಗೆಯಲ್ಲಿ ಅದೇ ಪ್ರಶ್ನೆ ಎದ್ದಿತು. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನಿರತರನ್ನು ಹೊರಗೆ ಕಳಿಸಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಇದು ಒಪ್ಪಂದದಲ್ಲೇ ಇದೆ ಎಂಬುದು ಕಂಪನಿಯ ವಾದ. ಆಫರ್ ಲೆಟರ್ ಪಡೆದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದು, ಬೇರೆ ಅವಕಾಶಗಳನ್ನು ಬಿಟ್ಟು, ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಸೇರಿದವರು ಅವರಲ್ಲಿದ್ದರು. ನೌಕರರ ಸಂಘಟನೆಗಳು ದೂರು ಕೊಟ್ಟವು, ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ರಾಜ್ಯದ ಅಧಿಕಾರಿಗಳು ಕ್ಯಾಂಪಸ್ಸಿಗೆ ಹೋಗಿಬಂದರು. ಕೊನೆಗೆ ವರದಿಯಾದದ್ದು ಇಷ್ಟು: ಅವರು ತರಬೇತಿಯಲ್ಲಿದ್ದವರು, ನಿಯಮಿತ ನೌಕರರಲ್ಲ, ಲೇ-ಆಫ್ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಆ ಪರೀಕ್ಷೆ ನ್ಯಾಯಯುತವಾಗಿತ್ತೇ ಎಂಬ ಬಗ್ಗೆ ನಾವು ತೀರ್ಪು ಕೊಡುತ್ತಿಲ್ಲ. ನ್ಯಾಯಯುತವೇ ಎಂದು ಕೇಳುವ ಅಧಿಕಾರವೇ ಯಾವ ಕಚೇರಿಗೂ ಇಲ್ಲದ ಸ್ಥಿತಿ ನಮ್ಮ ಆತಂಕ.

ಕೇಂದ್ರ ಸರ್ಕಾರ ಈ ಅವಧಿಯಲ್ಲಿ ಸುಮ್ಮನೆ ಕುಳಿತಿಲ್ಲ. ಕಾಯ್ದೆಯಡಿಯ ಅಪ್ರೆಂಟಿಸ್‌ಗಳ ಸ್ಟೈಪೆಂಡ್ 2019ರಲ್ಲಿ ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗೆ ಎಂದು ನಿಗದಿಯಾಯಿತು. ಆರು ವರ್ಷ ಅದು ಅಲ್ಲೇ ನಿಂತಿತ್ತು; 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶೇ 36ರಷ್ಟು ಏರಿಕೆಗೆ ಶಿಫಾರಸು ಮಾಡಿತು. 2024ರ ಬಜೆಟ್‌ನಲ್ಲಿ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ ಘೋಷಣೆಯಾಯಿತು. ಐದು ವರ್ಷಗಳಲ್ಲಿ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ, ತಿಂಗಳಿಗೆ 5,000 ರೂಪಾಯಿ, ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದು, ಸೇರುವಾಗ ಒಮ್ಮೆ 6,000, ಜೊತೆಗೆ ವಿಮೆ. ಸಂಭಾವನೆ ಮತ್ತು ವಿಮೆ ಎರಡನ್ನೂ ಇಂಟರ್ನ್‌ಶಿಪ್ಪಿನ ಅಂಗವೆಂದು ಸರ್ಕಾರವೇ ಒಪ್ಪಿಕೊಂಡದ್ದು ಇಲ್ಲಿಯ ಮುಖ್ಯ ಸಂಗತಿ. ಆದರೆ ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಆಹ್ವಾನಗಳು ಹೋದರೆ ಒಪ್ಪಿದವರು 28 ಸಾವಿರದಷ್ಟು, ನಿಜವಾಗಿ ಸೇರಿದವರು 8,700ರಷ್ಟು ಮಾತ್ರ. ದೂರ ಮತ್ತು ಹನ್ನೆರಡು ತಿಂಗಳ ಅವಧಿ ಕಾರಣ ಎಂದು ಸರ್ಕಾರ ಹೇಳಿತು. ನಿಜವೇ. ಐದು ಸಾವಿರ ರೂಪಾಯಿಯಲ್ಲಿ ಪರವೂರಿನಲ್ಲಿ ಒಂದು ವರ್ಷ ಬದುಕಬಹುದೇ ಎಂದು ಯುವಜನರು ಲೆಕ್ಕ ಹಾಕಿ ನೋಡಿ ಉತ್ತರ ಕೊಟ್ಟಿದ್ದಾರೆ. ಕೆಲಸವಿಲ್ಲದ ಪದವೀಧರರಿಗೆ ಯುವನಿಧಿಯಡಿ ಕರ್ನಾಟಕ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಕೆಲಸ ಮಾಡುತ್ತಿರುವ ಇಂಟರ್ನ್‌ಗೆ ಸೊನ್ನೆ ಎನ್ನುವುದನ್ನು ಯಾವ ನೀತಿಯಿಂದ ಸಮರ್ಥಿಸುವುದು?

ಹೊರಗಿನ ಅನುಭವವನ್ನೂ ಒಂದಿಷ್ಟು ನೋಡಬಹುದು. ‘ಬ್ಲ್ಯಾಕ್ ಸ್ವಾನ್’ ಸಿನಿಮಾದ ತಯಾರಿಕೆಯಲ್ಲಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು 2011ರಲ್ಲಿ ಫಾಕ್ಸ್ ಸರ್ಚ್‌ಲೈಟ್ ವಿರುದ್ಧ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿದರು. 2013ರಲ್ಲಿ ಗೆದ್ದರು. ಆದರೆ 2015ರಲ್ಲಿ ಮೇಲ್ಮನವಿ ನ್ಯಾಯಾಲಯ, ಈ ಸಂಬಂಧದಿಂದ ಮುಖ್ಯವಾಗಿ ಲಾಭವಾಗುವುದು ಯಾರಿಗೆ ಎಂದು ನೋಡಬೇಕು ಎಂಬ ಹೊಸ ಅಳತೆಗೋಲು ಹಾಕಿ ಆ ತೀರ್ಪನ್ನು ಬದಿಗಿಟ್ಟಿತು. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 2014ರ ಜುಲೈನ ಕಾನೂನು ಇಂಟರ್ನ್‌ಶಿಪ್ಪಿಗೆ ಆರು ತಿಂಗಳ ಮಿತಿ ಹಾಕಿ, ಎರಡು ತಿಂಗಳು ಮೀರಿದರೆ ಗಂಟೆಗಿಷ್ಟು ಎಂದು ಹಣ ಕೊಡುವುದನ್ನು ಕಡ್ಡಾಯ ಮಾಡಿತು. ಪ್ರತಿಯೊಬ್ಬ ಇಂಟರ್ನ್ ನ್ಯಾಯಾಲಯಕ್ಕೆ ಹೋಗಿ ಲಾಭ-ನಷ್ಟ ಸಾಬೀತು ಮಾಡಬೇಕಾದ ಅಮೆರಿಕದ ದಾರಿಗಿಂತ ಫ್ರಾನ್ಸಿನ ನೇರ ನಿಯಮ ನಮಗೆ ಒಗ್ಗುತ್ತದೆ. ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಕಂಪನಿಯೊಂದರ ಮೇಲೆ ಮೊಕದ್ದಮೆ ಹೂಡಿ ವರ್ಷಗಟ್ಟಲೆ ಅಲೆಯುವುದು ನಮ್ಮಲ್ಲಿ ಆಗಿಹೋಗುವ ಮಾತಲ್ಲ.

ನಮ್ಮ ಸಂವಿಧಾನದಲ್ಲೇ ಇದಕ್ಕೆ ಬೇಕಾದ ನೆಲೆ ಇದೆ. ಬಿಟ್ಟಿ ಚಾಕರಿಯನ್ನು 23ನೇ ವಿಧಿ ನಿಷೇಧಿಸುತ್ತದೆ. ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಬಡತನದ ಒತ್ತಾಯಕ್ಕೆ ಸಿಕ್ಕಿ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದಿತು. ಪದವಿ ಬೇಕೆಂದರೆ ಇಂಟರ್ನ್‌ಶಿಪ್ ಮಾಡಲೇಬೇಕೆಂಬ ಒತ್ತಾಯವೂ ಒತ್ತಾಯವೇ. ಹೊಸ ಸಂಹಿತೆಗಳಲ್ಲೂ ಒಂದು ಎಳೆ ಹಿಡಿಯಬಹುದು. ಅವು ಹೊರಗಿಟ್ಟಿರುವುದು 1961ರ ಕಾಯ್ದೆಯಡಿ ಬಂದ ಅಪ್ರೆಂಟಿಸ್‌ಗಳನ್ನು. ಅಂಥ ಒಪ್ಪಂದವಿಲ್ಲದ ಇಂಟರ್ನ್, ಬೇರೆ ನೌಕರರು ಮಾಡುವ ಕೆಲಸವನ್ನೇ ಮಾಡುತ್ತಿದ್ದರೆ, ಅವರನ್ನು ಕಾರ್ಮಿಕರಲ್ಲ ಎನ್ನಲು ಸಂಹಿತೆಯಲ್ಲಿ ನೇರ ಆಧಾರವಿಲ್ಲ ಎಂಬುದು ನಮ್ಮ ಓದು. ಅಡ್ಡಿಯಿರುವುದು ಬೇರೆ ಕಡೆ. ವೇತನ ಸಂಹಿತೆ ಉದ್ಯೋಗಿ ಎನ್ನುವುದು ವೇತನಕ್ಕೆ ನೇಮಕವಾದವರನ್ನು. ವೇತನವನ್ನೇ ಕೊಡದಿದ್ದರೆ ಅವರು ಉದ್ಯೋಗಿಯೇ ಅಲ್ಲ ಎಂದು ವಾದಿಸಲು ದಾರಿಯಾಗುತ್ತದೆ. ತಪ್ಪು ಮಾಡಿದವರಿಗೆ ತಪ್ಪೇ ರಕ್ಷಣೆಯಾಗುವ ಈ ಬಿರುಕನ್ನು ನಿಯಮಗಳಲ್ಲೇ ಮುಚ್ಚಬೇಕು.

ಹಣ ಕೊಡಲೇಬೇಕೆಂದರೆ ಇಂಟರ್ನ್‌ಗಳನ್ನೇ ತೆಗೆದುಕೊಳ್ಳುವುದಿಲ್ಲ, ವಿದ್ಯಾರ್ಥಿಗಳಿಗೇ ನಷ್ಟ ಎಂದು ಸಣ್ಣ ಕಂಪನಿಗಳು ಹೇಳುತ್ತವೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನಾಲ್ಕು ಜನರ ಸ್ಟಾರ್ಟ್‌ಅಪ್‌ಗೆ ತಿಂಗಳಿಗೆ ಹತ್ತು ಸಾವಿರವೂ ಭಾರವಾಗಬಹುದು. ಅಂಥವರು ನಾಲ್ಕು ವಾರ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕಲಿಸಲಿ, ಉತ್ಪಾದನೆಯ ಕೆಲಸ ಮಾಡಿಸದಿರಲಿ. ಅದಕ್ಕೆ ಸಂಬಳ ಕೇಳುವವರಿಲ್ಲ. ಗ್ರಾಹಕರಿಗೆ ಹೋಗುವ ಕೋಡ್ ಬರೆಸಿಕೊಂಡರೆ, ಮಾರಾಟದ ಕರೆಗಳನ್ನು ಮಾಡಿಸಿದರೆ, ರಜೆ ಹೋದ ನೌಕರರ ಜಾಗದಲ್ಲಿ ಕೂರಿಸಿದರೆ ಹಣ ಕೊಡಬೇಕು. ಇಂಟರ್ನ್‌ಗಳಿಲ್ಲದೆ ನಡೆಯದ ವ್ಯವಹಾರ ಇಂಟರ್ನ್‌ಗಳಿಗೆ ಕೊಡದೆ ನಡೆಯಬಾರದು.

ಕೇಂದ್ರವೇ ಮೊದಲು ಹೆಜ್ಜೆ ಇಡಲಿ ಎಂದು ಕರ್ನಾಟಕ ಕಾಯಬೇಕಾಗಿಲ್ಲ. ಆ್ಯಪ್ ಆಧಾರಿತ ಗಿಗ್ ಕಾರ್ಮಿಕರು ನೌಕರರೋ ಅಲ್ಲವೋ ಎಂಬ ವಾದ ಮುಗಿಯುವವರೆಗೆ ಈ ರಾಜ್ಯ ಕಾಯಲಿಲ್ಲ. 2025ರಲ್ಲಿ ಅವರಿಗೆಂದೇ ಕಾನೂನು ತಂದಿತು. ನೋಂದಣಿ, ಕಲ್ಯಾಣ ಶುಲ್ಕ, ದೂರು ಪರಿಹಾರ, ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸುವುದು ಎಲ್ಲವನ್ನೂ ಬರೆಯಿತು. ಇಂಟರ್ನ್‌ಗಳ ವಿಷಯದಲ್ಲೂ ಅದೇ ಧೈರ್ಯ ಬೇಕು. ಕಾರ್ಮಿಕ ಇಲಾಖೆಯಲ್ಲಿ ಪ್ರತಿ ಇಂಟರ್ನ್‌ಶಿಪ್ಪಿನ ನೋಂದಣಿ, ಲಿಖಿತ ಒಪ್ಪಂದ, ಎರಡು ತಿಂಗಳು ಮೀರಿದರೆ ಕನಿಷ್ಠ ವೇತನದ ನಿರ್ದಿಷ್ಟ ಪಾಲಿಗಿಂತ ಕಡಿಮೆಯಿಲ್ಲದ ಸ್ಟೈಪೆಂಡ್, ಅಪಘಾತ ವಿಮೆ ಮತ್ತು ದೂರು ಕೇಳಲು ಅಧಿಕಾರವಿರುವ ಒಬ್ಬ ಅಧಿಕಾರಿ ಇರಬೇಕು. ದುಡಿದಷ್ಟು ದಿನಕ್ಕೆ ಪ್ರಮಾಣಪತ್ರ ವಿದ್ಯಾರ್ಥಿಯ ಹಕ್ಕಾಗಬೇಕು. ಅದನ್ನು ಒತ್ತೆಯಿಟ್ಟುಕೊಳ್ಳುವುದು ಅಪರಾಧವಾಗಬೇಕು. ವೈದ್ಯಕೀಯ ಕಾಲೇಜುಗಳಿಗೆ ಶಿಷ್ಯವೇತನದ ಪಾವತಿಯನ್ನು ಮಾನ್ಯತೆಯ ನವೀಕರಣಕ್ಕೆ ಜೋಡಿಸಬೇಕು.

ಇವುಗಳಲ್ಲಿ ಕೆಲವಕ್ಕೆ ಹೊಸ ಕಾನೂನು ಬೇಕು, ಸಮಯ ಹಿಡಿಯುತ್ತದೆ. ಒಂದು ಕೆಲಸಕ್ಕೆ ಮಾತ್ರ ಸುತ್ತೋಲೆಯೇ ಸಾಕು. ಕೆಲಸ ಮಾಡಿಸಿಕೊಂಡು ಹಣ ಕೊಡದ ಕಂಪನಿಯ ಇಂಟರ್ನ್‌ಶಿಪ್ಪಿಗೆ, ವಿದ್ಯಾರ್ಥಿಯಿಂದಲೇ ಹಣ ಪಡೆಯುವ ಸಂಸ್ಥೆಯ ಇಂಟರ್ನ್‌ಶಿಪ್ಪಿಗೆ ಕ್ರೆಡಿಟ್ ಇಲ್ಲ ಎಂದು ವಿಶ್ವವಿದ್ಯಾಲಯಗಳು ಘೋಷಿಸಬಹುದು. ಅಂಥ ಕಂಪನಿಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಗೆ ಬೇರೆ ಜಾಗ ಹುಡುಕಿಕೊಡುವ ಹೊಣೆಯನ್ನು ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ ವಹಿಸಬಹುದು. ಅಂತಿಮ ವರ್ಷದ ವಿದ್ಯಾರ್ಥಿಗಳು ಈಗಾಗಲೇ ಅರ್ಜಿ ಹಾಕಲು ಶುರುಮಾಡಿದ್ದಾರೆ. ಈ ಸುತ್ತೋಲೆ ಅವರು ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಬರಬೇಕು.